ಕ್ಯಾಸೆಟ್ಟಿನ ಅಧ್ಯಕ್ಷರು

ಪಾಡ್‌ಕಾಸ್ಟ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಒಂದು ಕಾರ್ಯಾಗಾರದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳ ಅಧ್ಯಾಪಕರನ್ನೆಲ್ಲ ಒಂದು ಹಾಲ್‌ನಲ್ಲಿ ಕೂಡಿಸಿದ್ದರು. ಉನ್ನತ ಶಿಕ್ಷಣದಲ್ಲಿ ಅದನ್ನು ಸೃಜನಶೀಲವಾಗಿ ಬಳಸುವುದು ಹೇಗೆಂದು ಕಲಿಸಲು ಬೆಂಗಳೂರಿನಿಂದ ಒಬ್ಬ ತರುಣ ಬಂದಿದ್ದ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಪ್ರಾಸ್ತಾವಿಕ ಎಲ್ಲ ಮುಗಿದು ಅವನ ಕೈಗೆ ಮೈಕು ಸಿಗುವ ಹೊತ್ತಿಗೆ ಊಟದ ವಾಸನೆ ಬರತೊಡಗಿತ್ತು. ಅವನು ಹೇಳಿದ ಮೊದಲ ಮಾತು, "ಪಾಡ್‌ಕಾಸ್ಟ್ ಚಿಕ್ಕದಾಗಿರಬೇಕು, ನೇರವಾಗಿ ವಿಷಯಕ್ಕೆ ಬರಬೇಕು." ನನಗೆ ನಗು ತಡೆಯಲಿಲ್ಲ. ಪಾಪ, ತಾನು ಎಂಥವರ ನಡುವೆ ನಿಂತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

ಅವನು ಹೊಸದೆಂದು ಬಣ್ಣಿಸುತ್ತಿದ್ದುದನ್ನು ನಾವು ತೊಂಬತ್ತರ ದಶಕದ ಕೊನೆಯಲ್ಲೇ ಮಾಡಿ ಕೆಡಿಸಿದ್ದೆವು.

ಆಗ ನಾನು ಸಿಂದಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ನಮ್ಮ ಪ್ರಾಚಾರ್ಯರು ಧಾರವಾಡಕ್ಕೆ ಒಂದು ಸೆಮಿನಾರಿಗೆ ಹೋಗಿ ಬಂದರು. ಸೆಮಿನಾರಿಗೆ ಹೋದವರು ಸಾಮಾನ್ಯವಾಗಿ ಒಂದು ಬ್ಯಾಗು ತರುತ್ತಾರೆ. ಇವರು ಬ್ಯಾಗಿನ ಜೊತೆಗೆ ಒಂದು ವಿಚಾರವನ್ನೂ ತಂದುಬಿಟ್ಟಿದ್ದರು. ಅದರ ಹೆಸರು 'ಧ್ವನಿ ಪಾಠ ಮಾಲಿಕೆ'. ಅಧ್ಯಾಪಕರು ಪಾಠವನ್ನು ಕ್ಯಾಸೆಟ್ಟಿಗೆ ಹಾಕಬೇಕು, ತರಗತಿಗೆ ಬರಲಾಗದವರು ಮನೆಯಲ್ಲಿ ಕೂತು ಕೇಳಬೇಕು. ವಿಚಾರ ಒಳ್ಳೆಯದೇ. ಆದರೆ ನಮ್ಮ ಕಾಲೇಜಿನೊಳಗೆ ಒಳ್ಳೆಯ ವಿಚಾರ ಕಾಲಿಟ್ಟರೆ ಮೊದಲು ಅದಕ್ಕೊಂದು ಉದ್ಘಾಟನೆ ಮಾಡುತ್ತಾರೆ. ಆಮೇಲೆ ಅದು ಬದುಕುವುದು ಕಷ್ಟ.

ಗ್ರಂಥಾಲಯದ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಟೇಪ್ ರೆಕಾರ್ಡರ್ ಇಟ್ಟರು. ಕೆಂಪು ಗುಂಡಿ ಒತ್ತಿದ ಕೂಡಲೇ ಮೂವರು ಹುಡುಗಿಯರು ಪ್ರಾರ್ಥನೆ ಹಾಡಿದರು. ಇಂಗ್ಲಿಷ್ ವಿಭಾಗದವರು ಸ್ವಾಗತಿಸಿದರು. ಆಡಳಿತ ಮಂಡಳಿಯ ಅಧ್ಯಕ್ಷರನ್ನು ಅವರು ಶಾಲೆಯ ಒಂದನೆಯ ಇಯತ್ತೆಗೆ ಸೇರಿದಲ್ಲಿಂದ ಪರಿಚಯಿಸಲಾಯಿತು. ಆಮೇಲೆ ಮೈಕಿನ ಮುಂದೆ ನಿಲ್ಲಿಸಿ ಹಾರ ಹಾಕಿದರು.

"ಸರ, ಕ್ಯಾಸೆಟ್‌ನಾಗ ಹಾರ ಕಾಣೂದಿಲ್ರಿ," ಎಂದೆ ನಾನು ಮೆಲ್ಲಗೆ.

"ಚಪ್ಪಾಳಿ ಕೇಳತೈತಲ್ಲ," ಎಂದರು ಪ್ರಾಚಾರ್ಯರು.

ಅಧ್ಯಕ್ಷರು ಮಾತಾಡಿದರು. ಕೊನೆಗೆ, ಅಧ್ಯಕ್ಷರಾದವರು ಏನಾದರೂ ಘೋಷಿಸಲೇಬೇಕೆಂಬ ಪದ್ಧತಿಯಂತೆ, ಕಾಲೇಜಿಗೆ ಒಂದು ಧ್ವನಿಮುದ್ರಣ ಕೊಠಡಿ ಕಟ್ಟಿಸಿಕೊಡುವುದಾಗಿ ಘೋಷಿಸಿದರು. ಜೋರಾಗಿ ಚಪ್ಪಾಳೆ ಬಿತ್ತು. ಆ ಕೊಠಡಿಯ ಒಂದು ಇಟ್ಟಿಗೆಯನ್ನೂ ನಾವು ಯಾರೂ ನೋಡಲಿಲ್ಲ.

ಅಂತೂ ನನ್ನ ಸರದಿ ಬಂತು. ವಿಷಯ ಸಾರ್ವಜನಿಕ ಹಣಕಾಸು. "ಸಕ್ಕರೆಯ ಮೇಲಿನ ತೆರಿಗೆಯನ್ನು ಕಟ್ಟುವುದು ಕಾರ್ಖಾನೆ. ಆದರೆ ಕೊನೆಗೆ ಅದರ ಭಾರ ಹೊರುವವರು..." ಎನ್ನುವಷ್ಟರಲ್ಲಿ ಟಕ್ಕೆಂದು ಗುಂಡಿ ಮೇಲೆ ಬಂತು. ಟೇಪು ಮುಗಿದಿತ್ತು. ಇನ್ನೊಂದು ಮಗ್ಗುಲಿಗೆ ಹಾಕೋಣ ಎಂದರೆ, ಅದನ್ನು ಪ್ರಾಚಾರ್ಯರ ಭಾಷಣಕ್ಕೂ ವಂದನಾರ್ಪಣೆಗೂ ತೆಗೆದಿರಿಸಿದ್ದಾರಂತೆ.

ಈ ಕ್ಯಾಸೆಟ್ಟು ನಿಜಕ್ಕೂ ಬೇಕಾಗಿದ್ದುದು ಒಬ್ಬಳಿಗೆ. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದ ಒಬ್ಬಳೇ ಹುಡುಗಿ ಅವಳು. ಮದುವೆಯಾಗಿ ಆಲಮೇಲಕ್ಕೆ ಹೋಗಿದ್ದಳು. ಪರೀಕ್ಷೆಯ ಹೊತ್ತಿಗೆ ಹೆರಿಗೆ ಬಂದು ಬಿ.ಎ. ಕೊನೆಯ ವರ್ಷದ ಈ ಒಂದು ಪೇಪರು ಉಳಿದುಬಿಟ್ಟಿತ್ತು. ಮಾವ ಕಬ್ಬು ಬೆಳೆಯುವ ಹಿರಿಯ, ಅವರ ತೀರ್ಪು ಆಗಿಹೋಗಿತ್ತು: "ಒಂದ ಸಲ ಬರೀಲಿ. ಪಾಸಾದ್ರ ಆತು, ಇಲ್ಲಂದ್ರ ಪುಸ್ತಕ ಅಟ್ಟಕ್ಕ." ಸಿಂದಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ತಂದೆ ಕ್ಯಾಸೆಟ್ಟು ಕೇಳಿಕೊಂಡು ಬಂದಾಗ, ಕೊಡಲು ನನಗೇ ನಾಚಿಕೆಯಾಯಿತು. ಕೊಟ್ಟೆ. ಅವರು ಅದನ್ನು ಆಲಮೇಲದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದರು.

ಆಮೇಲೆ ನಾನು ಮನೆಯಲ್ಲಿ ಕೂತು ಬೇರೆ ಕ್ಯಾಸೆಟ್ಟು ಮಾಡಿದೆ. ಮೊದಲ ಶಬ್ದದಿಂದ ಕೊನೆಯ ಶಬ್ದದವರೆಗೆ ಬರೀ ಪಾಠ. ಒಂದು ನಮಸ್ಕಾರವೂ ಇಲ್ಲ. ಹೀಗಿರಬೇಕು ಎಂದು ಬೀಗಿಕೊಂಡು ಕಳಿಸಿದೆ. ಮುಂದಿನ ವಾರವೇ ಅವಳ ತಂದೆ ಅದನ್ನು ಕೈಯಲ್ಲಿ ಹಿಡಿದು ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ ಸರ. ಬೀಗರು ತಿರುಗಿ ಕಳಿಸ್ಯಾರ. ಯಾವನೋ ಗಂಡಸು, ಪ್ರಾರ್ಥನಾ ಇಲ್ಲ, ಶರಣು ಇಲ್ಲ, ಸೀದಾ ನಮ್ಮ ಸೊಸಿ ಜೋಡಿ ಮಾತಾಡಾಕತ್ತಾನಲ್ಲ ಅಂದ್ರಂತ."

"ಮತ್ತ ಮೊದಲಿಂದು?"

"ಅದು ಭಾಳ ಚಲೋ ಐತಂತ್ರಿ. ಓಣಿ ಮಂದಿನ್ನೆಲ್ಲ ಕರದು ಕೇಳಿಸ್ಯಾರ."

ನನಗೆ ಮೈಯೆಲ್ಲ ಉರಿಯಿತು. ಪಾಠ ಬೇಡ, ಭಾಷಣ ಬೇಕು! ಹುಡುಗಿ ಏನೆನ್ನುತ್ತಾಳೆ ಎಂದು ಕೇಳಿದೆ.

"ಅಕಿ ಏನಂತಾಳ್ರಿ. ಪುಸ್ತಕ ಹಿಡದು ಕುಂತ್ರ ಒಳಗಿಂದ ಕರೀತಾರ, ಏಳತಾಳ. ಮತ್ತ ಕುಂದರ್ತಾಳ, ಕೂಸು ಅಳತೈತಿ, ಮತ್ತ ಏಳತಾಳ. ಪರೀಕ್ಷಿ ನೋಡಿದ್ರ ಹತ್ತರ ಬಂತು."

ಕಾರ್ಯಕ್ರಮ ಬೇಕಲ್ಲ ಇವರಿಗೆ, ತೆಗೆದುಕೊಳ್ಳಲಿ ಎಂದುಕೊಂಡೆ. ಗೇಲಿ ಮಾಡಬೇಕೆಂದೇ ಕೂತೆ. ಕಾಲೇಜಿನ ಅದೇ ಮೂವರು ಹುಡುಗಿಯರಿಂದ ಪ್ರಾರ್ಥನೆ ಹಾಡಿಸಿದೆ. ಗಂಟಲು ಸರಿಮಾಡಿಕೊಂಡು ನಾನೇ ಸ್ವಾಗತಿಸಿದೆ: "ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ಆಲಮೇಲದ ಹಿರಿಯರೂ ಪ್ರಗತಿಪರ ಕಬ್ಬು ಬೆಳೆಗಾರರೂ ಆದ, ನಮ್ಮ ವಿದ್ಯಾರ್ಥಿನಿಯ ಪೂಜ್ಯ ಮಾವನವರಿಗೆ ಹಾರ್ದಿಕ ಸುಸ್ವಾಗತ. ಸಭೆ ಮುಗಿಯುವ ತನಕ ಯಾರೂ ಎದ್ದು ಹೋಗಬಾರದೆಂದು ಅಧ್ಯಕ್ಷರ ಅಪ್ಪಣೆಯ ಮೇರೆಗೆ ವಿನಂತಿ." ಆಮೇಲೆ ಪೂರ್ತಿ ಪಾಠ. ತೆರಿಗೆ ಕಟ್ಟುವವರು ಯಾರು, ಹೊರುವವರು ಯಾರು, ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ "ಈಗ ಅಧ್ಯಕ್ಷೀಯ ನುಡಿ" ಎಂದು ಹೇಳಿ, ಉಳಿದ ಟೇಪನ್ನು ಖಾಲಿ ಬಿಟ್ಟೆ. ಅದನ್ನು ಕೇಳಿ ನಾನೊಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಕ್ಯಾಸೆಟ್ಟು ತಿರುಗಿ ಬರಲಿಲ್ಲ. ಅವಳ ತಂದೆ ಸುದ್ದಿ ತಂದರು. ಬೀಗರು ಮಡಿ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಟೇಪಿನ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕೂಡುತ್ತಾರಂತೆ. ಮನೆಯವರೆಲ್ಲ ಎದುರಿಗೆ ಕೂಡಬೇಕಂತೆ. ಅತ್ತೆ ಹಾಲು ಉಕ್ಕುತ್ತದೆಂದು ಸೊಸೆಯನ್ನು ಎಬ್ಬಿಸಲು ಹೋದರೆ, "ಸಭಾ ನಡದೈತಿ, ನೀನ ಹೋಗು," ಎಂದು ಗದರಿಸಿದರಂತೆ. ಕೂಸು ಅತ್ತರೆ ಅದನ್ನು ಅಧ್ಯಕ್ಷರೇ ತೊಡೆಯ ಮೇಲೆ ಹಾಕಿಕೊಳ್ಳುತ್ತಾರಂತೆ. ಹುಡುಗಿ ಕೂತಲ್ಲಿಂದ ಏಳದೆ ಬರೆದುಕೊಳ್ಳುತ್ತಾಳಂತೆ.

ಸ್ಟಾಫ್ ರೂಮಿನಲ್ಲಿ ಇದನ್ನು ನಾನು ಅಭಿನಯಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಾಚಾರ್ಯರು ಮಾತ್ರ ಗಂಭೀರವಾಗಿ, "ಅಧ್ಯಕ್ಷರಿಗೆ ಶಾಲು ಕಳಿಸಿಲ್ಲೇನು?" ಎಂದು ಕೇಳಿದರು. ಪರೀಕ್ಷೆಯವರೆಗೆ ನಾನು ಇನ್ನಷ್ಟು ಕ್ಯಾಸೆಟ್ಟು ಕಳಿಸಿದೆ. ಪ್ರತಿಯೊಂದರಲ್ಲೂ ಪ್ರಾರ್ಥನೆ ಇತ್ತು, ಸ್ವಾಗತ ಇತ್ತು, ಕೊನೆಗೆ ಖಾಲಿ ಟೇಪು ಇತ್ತು. ಯಾವುದನ್ನು ಕಂಡರೆ ನನಗೆ ಆಗುತ್ತಿರಲಿಲ್ಲವೋ ಅದನ್ನೇ ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿದೆ.

ಪರೀಕ್ಷೆ ಮುಗಿದ ಮೇಲೆ ಕ್ಯಾಸೆಟ್ಟುಗಳೆಲ್ಲ ಒಂದು ಕೈಚೀಲದಲ್ಲಿ ಮರಳಿ ಬಂದವು. ಅಳಿಸಿ ಬೇರೆಯದಕ್ಕೆ ಬಳಸೋಣವೆಂದು ಕಡೆಯದನ್ನು ಹಚ್ಚಿ ನೋಡಿದೆ. "ಈಗ ಅಧ್ಯಕ್ಷೀಯ ನುಡಿ" ಎಂಬ ನನ್ನ ಧ್ವನಿ ಬಂತು. ಖಾಲಿ ಇರಬೇಕಾದಲ್ಲಿ ಯಾರೋ ಕೆಮ್ಮಿದರು.

"ಎಲ್ಲಾರಿಗೂ ಶರಣು. ಸರ ಹೇಳಿದ್ದು ಕೇಳೇನಿ. ತೆರಿಗಿ ಕಟ್ಟಾವ ಒಬ್ಬ, ಭಾರ ಹೊರಾವ ಇನ್ನೊಬ್ಬ ಅಂದ್ರು. ಖರೇ ಐತಿ. ನಮ್ಮ ಮನ್ಯಾಗ ಹೆಸರು ನಂದು, ಹೊರಾಕಿ ನಮ್ಮ ಸೊಸಿ. ಇಲ್ಲಿ ಕುಂತು ನೋಡಿದ ಮ್ಯಾಲ ತಿಳೀತು. ಅಧ್ಯಕ್ಷ ಆದಾವ ಏನರ ಕೊಡಬೇಕಂತ ಪದ್ಧತಿ ಐತಿ. ಒಂದ ಸಲ ಬರೀಲಿ ಅಂತ ನಾ ಅಂದಿದ್ದೆ. ಆ ಮಾತು ಹಿಂದಕ್ಕ ತಗೊಂಡೇನಿ. ಪಾಸಾಗೂತನಕ ಬರೀಲಿ. ಇಷ್ಟ ಹೇಳಿ ನನ್ನ ಎರಡು ಮಾತು ಮುಗಸ್ತೇನಿ."

ಆಮೇಲೆ ಚಪ್ಪಾಳೆ ಕೇಳಿಸಿತು, ಒಬ್ಬಳದೇ, ಬಳೆಗಳ ಸದ್ದಿನೊಡನೆ. ನಗಲು ಅಣಿಯಾಗಿ ಕೂತಿದ್ದ ನಾನು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿದೆ. ಆ ಕ್ಯಾಸೆಟ್ಟನ್ನು ಅಳಿಸಲಿಲ್ಲ.

ಅವಳು ಆ ಸಲವೇ ಪಾಸಾದಳು. ಹೀಗಾಗಿ ಘೋಷಿಸಿದ್ದನ್ನು ಕೊಡುವ ಪ್ರಸಂಗ ಆ ಅಧ್ಯಕ್ಷರಿಗೆ ಬರಲೇ ಇಲ್ಲ. ನಾನು ಕಂಡ ಅಷ್ಟೂ ಅಧ್ಯಕ್ಷರಲ್ಲಿ, ಪ್ರಸಂಗ ಬಂದಿದ್ದರೆ ಕೊಡುತ್ತಿದ್ದವರು ಅವರೊಬ್ಬರೇ.