ಬಳೆಗೆ ಕಟ್ಟಿದ ಚಾವಿ

ನನ್ನ ಬಳೆ ಅಂಗಡಿಯ ಗೋಡೆಗೆ ಒಂದು ಮೊಳೆ ಇದೆ. ಮೊದಲು ಅದಕ್ಕೆ ಕ್ಯಾಲೆಂಡರ್ ತೂಗುತ್ತಿತ್ತು, ಈಗ ಒಂದು ಚಾವಿ ತೂಗುತ್ತದೆ. ಎಲ್ಲಾದರೂ ಕಳೆದೀತೆಂದು, ಮಾರಾಟವಾಗದೆ ಉಳಿದ ದಪ್ಪನೆಯ ಪ್ಲಾಸ್ಟಿಕ್ ಬಳೆಯೊಂದಕ್ಕೆ ಅದನ್ನು ಕಟ್ಟಿದ್ದೇನೆ. ಎದುರಿನ ಉದ್ಯಾನದ ಮೂಲೆಯಲ್ಲಿರುವ ಹೆಂಗಸರ ಶೌಚಾಲಯದ ಚಾವಿ ಅದು. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಂಗಡಿಗೆ ಬರುತ್ತಾರೆ, ಬಳೆ ನೋಡಿದಂತೆ ಮಾಡುತ್ತಾರೆ, ಆಮೇಲೆ ಮೊಳೆಯ ಕಡೆ ನೋಡುತ್ತಾರೆ. ನಾನು ತೆಗೆದುಕೊಡುತ್ತೇನೆ. ಊಟಕ್ಕೆ ಕೂತಿದ್ದರೂ ಏಳಬೇಕು, ಮದುಮಗಳ ಕೈ ಹಿಡಿದು ಬಳೆ ಇಡಿಸುತ್ತಿದ್ದರೂ ಅರ್ಧಕ್ಕೆ ಬಿಟ್ಟು ಏಳಬೇಕು. "ನೀ ಬಳಿ ಮಾರ್ತೀಯೇನ, ಚಾವಿ ಮಾರ್ತೀಯೇನ?" ಎಂದು ಮನೆಯವರು ಕೇಳಿದಾಗ ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಸಾಕಾಗಿದೆ. ಆದರೂ ಅದನ್ನು ಒಯ್ದು ನಗರಸಭೆ ಕಚೇರಿಯ ಮೇಜಿನ ಮೇಲಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ಆ ಕಟ್ಟಡ ಎದ್ದದ್ದು ಆಪಾಳಿಂದ.

ಆಪಾ ನನ್ನ ಅಂಗಡಿಯ ಎದುರಿಗೆ, ಉದ್ಯಾನದ ಕಾಂಪೌಂಡಿಗೆ ಬೆನ್ನು ಹಚ್ಚಿ, ಬೇವಿನ ಮರದ ಕೆಳಗೆ ಕೂತು ಹೂ ಮಾರುತ್ತಿದ್ದಳು. ನಾನು ಸೊಸೆಯಾಗಿ ಬಂದು ಈ ಅಂಗಡಿಯ ಗಾದಿ ಹತ್ತುವ ಮೊದಲೇ ಅವಳು ಅಲ್ಲಿದ್ದಳು. ಅವಳ ಮನೆಯವರೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ನನ್ನನ್ನು ತಂಗಿ ಎಂದಳು. ನಡುವೆ ಒಂದು ರಸ್ತೆ, ರಸ್ತೆಯ ತುಂಬ ಟಂಟಂ ಆಟೋ, ಟ್ರ್ಯಾಕ್ಟರ್, ಗಿಣಿಗೇರಾ ಕಡೆ ಹೋಗುವ ಕಾರ್ಖಾನೆ ಬಸ್ಸು. ಆದರೂ ನಾವು ಇಡೀ ದಿನ ಮಾತಾಡುತ್ತಿದ್ದೆವು. ಗದ್ದಲ ಜಾಸ್ತಿಯಾದರೆ ಕೈಸನ್ನೆ ಸಾಕಾಗುತ್ತಿತ್ತು.

ಅವಳ ಬುಟ್ಟಿಯ ಪಕ್ಕ ಯಾವಾಗಲೂ ಒಂದು ಕೊಡ ನೀರು ಇರುತ್ತಿತ್ತು. ಮಲ್ಲಿಗೆ, ಕಾಕಡಾ, ಸೇವಂತಿಗೆಯ ಮೇಲೆ ಹಸಿ ಬಟ್ಟೆ ಹೊದಿಸಿ, ಗಳಿಗೆಗೊಮ್ಮೆ ಆ ಕೊಡದಿಂದ ನೀರು ಚಿಮುಕಿಸುತ್ತಿದ್ದಳು. ನಮ್ಮ ಬಿಸಿಲು ಗೊತ್ತಲ್ಲ, ಹೂವಿಗೆ ನೀರು ತಪ್ಪಿದರೆ ಮಧ್ಯಾಹ್ನಕ್ಕೇ ಬಾಡಿ ಕಪ್ಪಾಗುತ್ತದೆ. ಆದರೆ ಆ ಕೊಡದಿಂದ ಅವಳು ಒಂದು ಗುಟುಕು ಕುಡಿದದ್ದನ್ನು ನಾನು ನೋಡಿರಲಿಲ್ಲ. ಬಾಯಿ ತೀರಾ ಒಣಗಿದರೆ ಮುಕ್ಕಳಿಸಿ ಉಗುಳುತ್ತಿದ್ದಳು. ಕಾರಣ ಕೇಳುವ ಹಾಗೇ ಇರಲಿಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ. ನೀರು ಕುಡಿದರೆ ಹೋಗಬೇಕಾಗುತ್ತದೆ. ಹೋಗುವುದಕ್ಕೆ ಜಾಗ ಇಲ್ಲ.

ಗಂಡಸರಿಗೆ ಆ ತೊಂದರೆ ಇರಲಿಲ್ಲ. ಉದ್ಯಾನದ ಕಾಂಪೌಂಡಿನ ಆ ತುದಿ ಪೂರ್ತಿ ಅವರದೇ. ಇಲ್ಲಿ ಮೂತ್ರ ವಿಸರ್ಜಿಸಬಾರದು ಎಂದು ಅಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದುತ್ತಲೇ ನಿಂತು, ಮುಗಿಸಿ ಹೋಗುತ್ತಿದ್ದರು. ನನಗಾದರೆ ಮಧ್ಯಾಹ್ನ ಮನೆಯವರು ಬಂದು ಗಾದಿ ಹಿಡಿದಾಗ ರೈಲು ಹಳಿ ದಾಟಿ ಮನೆಗೆ ಹೋಗಿ ಬರುವ ಸುಖವಿತ್ತು. ಆಪಾಳ ಬುಟ್ಟಿ ನೋಡಿಕೊಳ್ಳುವವರು ಯಾರೂ ಇಲ್ಲ. ಕತ್ತಲಿರುವಾಗಲೇ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೇ ಮರಳುವುದು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ದವಾಖಾನೆಗೋ ಕೋರ್ಟಿಗೋ ಬಂದ ಹೆಣ್ಣುಮಕ್ಕಳದೂ ಇದೇ ಪಾಡು. ಯಲಬುರ್ಗಾದ ಗಿರಾಕಿಯೊಬ್ಬಳಿಗೆ ನಾನು ಚಹಾ ತರಿಸಿದಾಗ ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ್ರಿ ಅಕ್ಕಾರ. ಕೊಪ್ಪಳಕ್ಕ ಬರೋ ದಿನ ನಾ ಮನ್ಯಾಗೂ ಚಾ ಕುಡಿಯಂಗಿಲ್ಲ."

ಒಂದು ಬೇಸಿಗೆಯಲ್ಲಿ ಆಪಾಳ ಜಾಗ ಖಾಲಿ ಬಿತ್ತು. ಸೊಂಟ ಹಿಡಿದು ಒದ್ದಾಡಿದಳಂತೆ, ದೊಡ್ಡ ದವಾಖಾನೆಗೆ ಒಯ್ದರಂತೆ ಎಂದು ಪಕ್ಕದ ತರಕಾರಿಯವರು ಹೇಳಿದರು. ಮರಳಿ ಬಂದಾಗ ಅವಳ ಕೈ ಎಷ್ಟು ಸೊರಗಿತ್ತೆಂದರೆ, ಅವಳು ಯಾವಾಗಲೂ ಹಾಕುತ್ತಿದ್ದ ಹಸಿರು ಗಾಜಿನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನು ಸಣ್ಣ ಅಳತೆಯ ಬಳೆ ಇಡಿಸುತ್ತ ಡಾಕ್ಟರು ಏನೆಂದರು ಎಂದು ಕೇಳಿದೆ.

"ಕಿಡ್ನ್ಯಾಗ ಹರಳ ಆಗ್ಯಾವಂತ. ಈಗ ಔಷಧ ಕೊಟ್ಟಾರ. ದಿನಾ ಒಂದು ಕೊಡ ನೀರು ಕುಡೀಬೇಕು, ಇಲ್ಲಂದ್ರ ಕಿಡ್ನಿ ಕೈಕೊಡ್ತೈತಿ ಅಂದ್ರು."

"ಮತ್ತ ಕುಡಿ ಆಪಾ."

"ಕುಡೀತೀನಿ. ಹೋಗೂದೆಲ್ಲಿಗೆ? ಅದನ್ನ ಡಾಕ್ಟರ್ ಹೇಳಲಿಲ್ಲ ನೋಡು."

ಅದೇ ಹೊತ್ತಿಗೆ ಉದ್ಯಾನದ ಅಭಿವೃದ್ಧಿಯ ಸುದ್ದಿ ಬಂತು. ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ನಾನು ಆಪಾಳನ್ನು ಎಬ್ಬಿಸಿಕೊಂಡು ಹೋದೆ. ಸಭೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದರು. ಬಣ್ಣದ ಕಾರಂಜಿ, ವಾಕಿಂಗ್ ಟ್ರ್ಯಾಕು, ವ್ಯಾಯಾಮದ ಯಂತ್ರಗಳು, ಊರಿನ ಹೆಸರಿನ ಮುಂದೆ ಕೆಂಪು ಹೃದಯವಿಟ್ಟ ದೊಡ್ಡ ಅಕ್ಷರಗಳು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಚಿತ್ರದಲ್ಲಿ ಓಡಾಡುತ್ತಿದ್ದ ಹೆಂಗಸರು ನಮ್ಮೂರಿನವರಂತೆ ಕಾಣಲಿಲ್ಲ. ಅವರು ನೀರಿನ ಬಾಟಲಿ ಹಿಡಿದು ನಗುತ್ತಿದ್ದರು.

ವಾಕಿಂಗಿಗೆ ಬರುವ ಹಿರಿಯರು ನೆರಳು ಕೇಳಿದರು, ವ್ಯಾಪಾರಿಗಳು ಪಾರ್ಕಿಂಗ್ ಕೇಳಿದರು. ನಾನು ಎದ್ದು ನಿಂತೆ. ತುಂಬಿದ ಸಭೆ, ಮುಂದಿನ ಸಾಲಿನಲ್ಲಿ ನಮ್ಮ ಓಣಿಯ ಗಂಡಸರು. ಮನೆಯಿಂದ ಉರುಹೊಡೆದುಕೊಂಡು ಬಂದಿದ್ದ ಮಾತು, "ಹೆಣ್ಮಕ್ಕಳಿಗೆ ಒಂದು, ಒಂದು" ಎನ್ನುವುದರಾಚೆ ಹೋಗಲಿಲ್ಲ. ನಾನು ಒದ್ದಾಡುವುದನ್ನು ನೋಡಿ ಆಪಾ ನನ್ನ ಸೆರಗು ಜಗ್ಗಿ ಕೂಡಿಸಿ ತಾನು ಎದ್ದಳು.

"ಸಂಡಾಸ ಬೇಕ್ರಿ ಸಾಹೇಬ್ರ, ಹೆಣ್ಮಕ್ಕಳಿಗೆ. ಕಾರಂಜಿ ನಾವು ನೋಡೇವಿ, ಆದ್ರ ಅದನ್ನ ನೋಡಿದ್ರ ಇನ್ನಷ್ಟು ಅವಸರ ಆಕ್ಕೈತಿ."

ಸಭೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ, ನಗು ನಿಲ್ಲುವವರೆಗೆ ನಿಂತೇ ಇದ್ದಳು. ಅಷ್ಟು ಗಂಡಸರ ನಡುವೆ ಅವಳು ನಿಂತ ರೀತಿ ನೆನೆದರೆ ಈಗಲೂ ನನಗೆ ಹೆಮ್ಮೆ ಅನಿಸುತ್ತದೆ. ಸಾಹೇಬರು ಬರೆದುಕೊಂಡರು.

ಬರೆದುಕೊಂಡದ್ದು ಆಗಿಬಿಡುತ್ತದೆ ಎಂದು ನಂಬುವಷ್ಟು ಎಳೆಯ ವಯಸ್ಸು ನಮ್ಮಿಬ್ಬರದೂ ಅಲ್ಲ. ಕಚೇರಿಗೆ ಅಲೆದು ನನ್ನ ಚಪ್ಪಲಿ ಸವೆದವು. ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು, ಇಲ್ಲವೇ ಬದಲಿಯಾಗಿರುತ್ತಿದ್ದರು. ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. ಹೇಳಿ ಹೇಳಿ ನನ್ನ ನಾಚಿಕೆಯೂ ಸವೆಯಿತು, ಅಷ್ಟು ಲಾಭ. ಕೊನೆಗೊಂದು ಬೆಳಿಗ್ಗೆ ಎಂಜಿನಿಯರೊಬ್ಬ ಟೇಪು ಹಿಡಿದು ಉದ್ಯಾನಕ್ಕೆ ಬಂದ. ಒಳ್ಳೆಯವನೇ. ಗೇಟಿನ ಪಕ್ಕ, ರಸ್ತೆಗೆ ಮುಖಮಾಡಿ ಕಟ್ಟಿದರೆ ಪೈಪಿಗೂ ಸಮೀಪ, ಎಲ್ಲರಿಗೂ ಕಾಣುತ್ತದೆ ಎಂದ.

ಎಲ್ಲರಿಗೂ ಕಾಣುತ್ತದೆ ಎಂಬುದೇ ನಮಗೆ ಬೇಡವಾದದ್ದು. ಗೇಟಿನ ಎದುರಿಗೆ ಚಹಾದಂಗಡಿ, ಅದರ ಮುಂದೆ ಮುಂಜಾನೆಯಿಂದ ರಾತ್ರಿವರೆಗೆ ಗಂಡಸರು. ಅಷ್ಟು ಕಣ್ಣುಗಳ ಮುಂದೆ ಯಾವ ಹೆಣ್ಣುಮಗಳು ಆ ಬಾಗಿಲಿಗೆ ಹೋದಾಳು? ಬೀದಿಯ ಹೆಂಗಸರೆಲ್ಲ ಸೇರಿದೆವು, ಒಬ್ಬರೂ ಗೇಟಿನ ಪಕ್ಕ ಒಪ್ಪಲಿಲ್ಲ. ಎಂಜಿನಿಯರ್ ಬೇಸತ್ತು, ಮತ್ತೆಲ್ಲಿ ಬೇಕು ನೀವೇ ಹೇಳಿ ಎಂದ. ಆಗ ಆಪಾ ತನ್ನ ಬುಟ್ಟಿಯ ಹಿಂದಿನ ಗೋಡೆಯನ್ನು ತಟ್ಟಿ ತೋರಿಸಿದಳು.

"ಇಲ್ಲೆ ಮಾಡ್ರಿ, ನನ್ನ ಬೆನ್ನ ಹಿಂದ. ಇಲ್ಲಿ ಗ್ವಾಡಿ ಒಡದು ಸಣ್ಣ ಬಾಗಲಾ ಇಡ್ರಿ. ಹೆಣ್ಮಕ್ಕಳು ಈ ಕಡೆ ಬಂದ್ರ ಹೂವು ತಗೊಳ್ಳಾಕ ಬಂದಾರ ಅಂತಾರ. ಯಾರ ಏನು ಕೇಳ್ತಾರ?"

ನಮಗೆಲ್ಲ ಎಷ್ಟು ಖುಷಿಯಾಯಿತೆಂದರೆ, ನಾನು ರಸ್ತೆಯಲ್ಲೇ ಅವಳ ಕೈ ಹಿಡಿದುಕೊಂಡೆ. ಇದಕ್ಕಿಂತ ಚೆಂದದ ಜಾಗ ಇಲ್ಲವೆಂದು ಎಲ್ಲರೂ ಹೇಳಿದೆವು. ಎಂಜಿನಿಯರ್ ಅಲ್ಲೇ ಸುಣ್ಣದಿಂದ ಗೆರೆ ಎಳೆಸಿದ. ಗೆರೆ ಆಪಾಳ ಬುಟ್ಟಿಯ ಸುತ್ತ ಬಂತು. ಕೆಲಸ ನಡೆಯುವಾಗ ಸ್ವಲ್ಪ ಸರಿದು ಕೂತರಾಯಿತು ಎಂದು ಅವಳೇ ಬುಟ್ಟಿ ಎತ್ತಿ ಜಾಗ ಮಾಡಿಕೊಟ್ಟಳು.

ಅಗೆಯುವುದು ಶುರುವಾದಾಗ ಹೂವು, ತರಕಾರಿ, ಹಣ್ಣಿನವರನ್ನೆಲ್ಲ ಎಬ್ಬಿಸಿದರು. ಕೆಲಸ ಮುಗಿಯುವವರೆಗೆ ಮಾತ್ರ ಎಂದರು. ಬೈಪಾಸಿನ ಹತ್ತಿರ ತಗಡಿನ ಶೆಡ್ಡುಗಳನ್ನು ಹಾಕಿ, ಎಲ್ಲರೂ ಅಲ್ಲಿ ಕೂರಬೇಕೆಂದರು. ಆಪಾ ಹೋಗುವ ದಿನ ನನ್ನ ಅಂಗಡಿಯೊಳಗೆ ತನ್ನ ಕೂರುವ ಗೋಣಿಚೀಲ ಮಡಚಿಟ್ಟಳು. "ಇದಿಲ್ಲೇ ಇರಲಿ ತಂಗಿ, ನಾ ಮತ್ತ ಬರಾಕಿನ ಅದೀನಲ್ಲ" ಎಂದಳು. ಅದು ಈಗಲೂ ಬಳೆಯ ಡಬ್ಬಿಗಳ ಹಿಂದೆ ಇದೆ.

ಕೆಲಸ ಮುಗಿಯಿತು. ಚೆನ್ನಾಗಿಯೇ ಮುಗಿಯಿತು, ಸುಳ್ಳು ಯಾಕೆ ಹೇಳಲಿ. ಕಾರಂಜಿ ಉದ್ಘಾಟನೆಯ ದಿನ ಹಾರಿತು, ಈಗಲೂ ದೊಡ್ಡವರು ಯಾರಾದರೂ ಬಂದರೆ ಹಾರುತ್ತದೆ. ಬೇವಿನ ಮರ ಉಳಿಯಿತು, ಅದರ ಬುಡಕ್ಕೆ ಕಲ್ಲಿನ ಕಟ್ಟೆ ಬಂತು. ಆಪಾ ಕೂರುತ್ತಿದ್ದಲ್ಲಿ ನೆಲಕ್ಕೆ ಬಣ್ಣದ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಎರಡೂ ಕಡೆ ಹೂಕುಂಡ ಇಟ್ಟರು. ಕುಂಡದ ಎಲೆಗಳ ಮೇಲೆ ಕಾರ್ಖಾನೆಯ ಕರಿ ಧೂಳು ಕೂತಿದೆ, ಅದನ್ನು ಒರೆಸುವವರು ಯಾರೂ ಇಲ್ಲ. ಪಕ್ಕದಲ್ಲಿ ಫಲಕ: ಈ ಸ್ಥಳದಲ್ಲಿ ವ್ಯಾಪಾರ ನಿಷೇಧಿಸಲಾಗಿದೆ. ಶೌಚಾಲಯಕ್ಕೆ ಹೋಗುವ ದಾರಿ ಅಡ್ಡಿಯಿಲ್ಲದೆ ಸ್ವಚ್ಛವಾಗಿರಬೇಕು, ಅದಕ್ಕೇ ಯಾರನ್ನೂ ಕೂಡಿಸುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿದರು. "ನೀವು ಕೇಳಿದ್ದ ಜಾಗದಾಗ ಕಟ್ಟಿ ಕೊಟ್ಟೀವಿ ಅಲ್ರಿ, ಮತ್ತೇನು ಬೇಕು?" ಎಂದೂ ಕೇಳಿದರು.

ಮತ್ತೇನು ಬೇಕು ಎಂದು ಹೇಳಿದೆ. ಬೈಪಾಸಿನ ಶೆಡ್ಡುಗಳ ಹತ್ತಿರವೂ ಒಂದು ಬೇಕು, ಅಲ್ಲಿ ಕೂರುವವರಲ್ಲಿ ಹೆಂಗಸರೇ ಹೆಚ್ಚು ಎಂದೆ. ಅವರು ಕುರ್ಚಿಗೆ ಒರಗಿ, "ಅದು ಬ್ಯಾರೆ ಸ್ಕೀಮಿನ್ಯಾಗ ಬರ್ತೈತ್ರಿ" ಎಂದರು. ಆ ಸ್ಕೀಮು ಯಾವಾಗ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಯಾರನ್ನು ಬೈಯುವುದು? ಬಾಗಿಲು ಕಾಯುವವರ ನೇಮಕ ಇನ್ನೂ ಆಗಿಲ್ಲ, ಪುಂಡರು ನಲ್ಲಿ ಕಿತ್ತುಕೊಂಡು ಹೋಗುತ್ತಾರೆ, ನಿಮ್ಮ ಅಂಗಡಿಯೇ ಎದುರಿಗಿದೆ ಎಂದು ಆ ದಿನವೇ ಈ ಚಾವಿಯನ್ನೂ ನನ್ನ ಕೈಗಿತ್ತರು. ಬೇಡವೆನ್ನಬಹುದಿತ್ತು. ಬೇಡವೆಂದರೆ ಬೀಗ ತೆರೆಯುವವರೇ ಇರುವುದಿಲ್ಲವೆಂದು ತಂದು ಮೊಳೆಗೆ ಹಾಕಿದೆ.

ಅಂದಿನಿಂದ ಹಾಗೇ ನಡೆದಿದೆ. ಕುಷ್ಟಗಿಯವರು, ಗಂಗಾವತಿಯವರು, ಕೋರ್ಟಿಗೆ ಬಂದ ಬುರ್ಖಾದವರು, ಕಾಲೇಜಿನ ಹುಡುಗಿಯರು ಬರುತ್ತಾರೆ, ಮೊಳೆ ನೋಡುತ್ತಾರೆ, ಹೋಗಿ ಬರುತ್ತಾರೆ. ಚಾವಿ ಮರಳಿಸುವಾಗ ಅವರ ಮುಖದಲ್ಲಿ ಒಂದು ನಿರಾಳ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಆಪಾ ನೆನಪಾಗುತ್ತಾಳೆ, ಸಂಕಟವಾಗುತ್ತದೆ.

ಹೋದ ವಾರ ಅವಳೇ ಬಂದಳು. ದವಾಖಾನೆಯಿಂದ ಗುಳಿಗೆ ತರಲು ಬಂದವಳು, ತಲೆಯ ಮೇಲೆ ಬುಟ್ಟಿ ಹೊತ್ತೇ ಬಂದಿದ್ದಳು. ಬೈಪಾಸಿನಲ್ಲಿ ವ್ಯಾಪಾರ ಇಲ್ಲ, ಲಾರಿಗಳ ಗಾಳಿಗೆ ಹೂವು ಬೇಗ ಬಾಡುತ್ತದೆ, ಬಿಟ್ಟು ಬಂದರೆ ನೋಡಿಕೊಳ್ಳುವವರು ಯಾರು ಎಂದಳು. ಮುಖ ಬಾತಿತ್ತು. ನಾನು ಬುಟ್ಟಿ ಇಳಿಸಿಕೊಂಡು, ಅವಳು ಏನನ್ನೂ ಹೇಳುವ ಮೊದಲೇ ಮೊಳೆಯಿಂದ ಚಾವಿ ತೆಗೆದು ಕೈಗಿಟ್ಟೆ. ಅವಳು ಬಳೆಯನ್ನು ತಿರುಗಿಸಿ ನೋಡಿ, "ಇದನ್ನ ಯಾರೂ ತಗೊಳ್ಳಲಿಲ್ಲೇನು?" ಎಂದು ಚೇಷ್ಟೆ ಮಾಡಿ ಹೋದಳು. ತಾನು ತೋರಿಸಿದ ಜಾಗದಲ್ಲಿ ಕಟ್ಟಿದ ಬಾಗಿಲೊಳಗೆ ಅವಳು ಹೋದದ್ದು ಅದೇ ಮೊದಲು.

ಮುಖ ತೊಳೆದುಕೊಂಡು ಮರಳಿದಳು. "ಭಾಳ ಛಲೋ ಕಟ್ಯಾರ ತಂಗಿ. ಕನ್ನಡಿ ಸೈತ ಹಾಕ್ಯಾರ. ನಳದಾಗ ನೀರು ಬರ್ತಾವ."

"ನೀ ಕೇಳಿದ್ದಕ್ಕ ಕಟ್ಟಿದ್ದು ಆಪಾ."

"ಹೌದಲ್ಲ" ಎಂದು ನಕ್ಕಳು. ನಿಜವಾಗಿಯೂ ಸಂತೋಷವಾಗಿತ್ತು ಅವಳಿಗೆ. ನನಗೆ ಅಳು ಬಂತು, ತೋರಿಸಲಿಲ್ಲ. ಮಡಕೆಯಿಂದ ಒಂದು ಚೊಂಬು ತಣ್ಣೀರು ತುಂಬಿ ಕೊಟ್ಟೆ. "ಡಾಕ್ಟರ್ ಹೇಳಿದ್ದು ನೆನಪೈತಿಲ್ಲೋ? ಪೂರಾ ಕುಡಿ. ಮತ್ತ ಹೋಗಬೇಕಾದ್ರ ಹೋಗು, ಚಾವಿ ಇಲ್ಲೇ ಐತಿ."

ಅವಳು ಚೊಂಬು ಎತ್ತಿ ತುಟಿಗೆ ಹಿಡಿದಳು. ಒಂದು ಗುಟುಕು ಬಾಯಿ ತೋಯಿಸಿಕೊಂಡು ಇಳಿಸಿದಳು.

"ಸಾಕವ್ವ. ಈಗ ಬೈಪಾಸಿಗೆ ಹೋದ್ರ ಸಂಜೀತನಾ ಅಲ್ಲೇ ಕುಂದ್ರಬೇಕಲ್ಲ."

ಆಮೇಲೆ ಬುಟ್ಟಿಯ ಹಸಿ ಬಟ್ಟೆ ಸರಿಸಿ, ಚೊಂಬಿನಲ್ಲಿ ಉಳಿದ ನೀರನ್ನೆಲ್ಲ ಹೂವಿನ ಮೇಲೆ ಚಿಮುಕಿಸಿದಳು. ಖಾಲಿ ಚೊಂಬು ನನ್ನ ಕೈಗೆ ಕೊಟ್ಟು, ಬುಟ್ಟಿ ಹೊತ್ತು, ಬೈಪಾಸಿನ ಟಂಟಂ ಹಿಡಿಯಲು ಹೋದಳು.