ಕೊನೆಯವರೆಗೆ ನೋಡದ ವಿಡಿಯೊ

ಆ ವಿಡಿಯೊ ಕಳಿಸಿದ್ದು ನಾನೇ. ಸಿಂಚನಾ ತಾನಾಗಿ ಹುಡುಕಿಕೊಂಡದ್ದಲ್ಲ. ಹತ್ತನೇ ತರಗತಿಯ ವಾಟ್ಸಾಪ್ ಗ್ರೂಪಿಗೆ, ಅವಳ ವಿಜ್ಞಾನ ಶಿಕ್ಷಕಿಯಾದ ನಾನು, ಪೂರ್ತಿ ನೋಡದೆ ಕಳಿಸಿದ್ದು. ಅದರ ಕೆಳಗೆ 'ಮನೆಯಲ್ಲೇ ಮಾಡಿ ನೋಡಿ ಮಕ್ಕಳೇ, ಫೋಟೊ ಕಳಿಸಿ' ಎಂದು ಬರೆದವಳೂ ನಾನೇ. ಮರುದಿನ ಅದನ್ನು ಅಳಿಸಿದೆ. ಕೇಳಿದವರಿಗೆಲ್ಲ ಇಲ್ಲವೆಂದೆ — ಅವಳ ಎದುರಿಗೇ ಇಲ್ಲವೆಂದೆ. ಅವಳ ಎಡಗಣ್ಣು ಹೋಯಿತು.

ಹೀಗೆ ನೇರವಾಗಿ ಬರೆದುಬಿಟ್ಟರೆ ಮುಂದಿನದು ಸುಲಭವಾದೀತು ಅಂದುಕೊಂಡಿದ್ದೆ. ಆಗುತ್ತಿಲ್ಲ. ಆದರೂ ಬರೆಯುತ್ತೇನೆ.

ನನ್ನ ಮನೆ ಕಡೂರಿನಲ್ಲಿ. ರೈಲಿನಲ್ಲಿ ಬೀರೂರು ದಾಟಿ ಅಜ್ಜಂಪುರದಲ್ಲಿ ಇಳಿದು, ಅಲ್ಲಿಂದ ಆಟೊ ಹಿಡಿದು ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ. ನಾನು ಬರುವ ಮೊದಲು ಅಲ್ಲಿ ಬಹಳ ಕಾಲ ವಿಜ್ಞಾನಕ್ಕೆ ಶಿಕ್ಷಕರೇ ಇರಲಿಲ್ಲ. ಕನ್ನಡದ ಮೇಷ್ಟ್ರೇ ಪುಸ್ತಕ ಓದಿಸಿ ಮುಗಿಸುತ್ತಿದ್ದರಂತೆ. ಪ್ರಯೋಗಾಲಯವೆಂದರೆ ಒಂದು ಕಬ್ಬಿಣದ ಬೀರು. ಅದರೊಳಗೆ ಬಿರುಕುಬಿಟ್ಟ ಗಾಜಿನ ಪಾತ್ರೆಗಳು, ಚೀಟಿ ಉದುರಿ ಒಳಗೇನಿದೆಯೆಂದೇ ತಿಳಿಯದ ಸೀಸೆಗಳು. ಹಾಗಾಗಿ ನನ್ನ ಮೊಬೈಲೇ ನನ್ನ ಪ್ರಯೋಗಾಲಯವಾಯಿತು.

ಸಂಜೆ ಹೊತ್ತು ಅಡುಗೆ ಮುಗಿಸಿ ಕೂತು ಹುಡುಕುತ್ತಿದ್ದೆ. ವಿಜ್ಞಾನದ ವಿಡಿಯೊಗಳಿಗೇನು ಬರವೇ? ಆದರೆ ನನ್ನ ಮಕ್ಕಳಿಗೆ ಹೊಂದುವುದು ಸಿಗಬೇಕಲ್ಲ. ಇಂಗ್ಲಿಷಿನವು ನನಗೇ ಎಟುಕದ ವೇಗದಲ್ಲಿ ಓಡುತ್ತಿದ್ದವು. ಕನ್ನಡದವು ಹೆಚ್ಚಿನವು ಯಾರೋ ಪಠ್ಯಪುಸ್ತಕವನ್ನೇ ಗಟ್ಟಿಯಾಗಿ ಓದಿದವು. ಕಲ್ಲಿನ ರಾಶಿಯಿಂದ ಅಕ್ಕಿ ಆರಿಸಿದಂತೆ ಒಂದೊಂದನ್ನೇ ಆರಿಸುತ್ತಿದ್ದೆ. ಮೊದಮೊದಲು ಪ್ರತಿಯೊಂದನ್ನೂ ಎರಡು ಸಲ ನೋಡಿ, ಯಾವುದು ಏನೆಂದು ನನ್ನ ದನಿಯಲ್ಲೇ ಕನ್ನಡದಲ್ಲಿ ವಿವರಿಸಿ ಕಳಿಸುತ್ತಿದ್ದೆ. ಆ ದಿನಗಳಲ್ಲಿ ನಾನು ಒಳ್ಳೆಯ ಶಿಕ್ಷಕಿಯಾಗಿದ್ದೆ ಎಂದು ನನಗೆ ಇಂದಿಗೂ ಅನಿಸುತ್ತದೆ — ಅದೇ ಹೆಚ್ಚು ನೋಯಿಸುತ್ತದೆ.

ಸಿಂಚನಾ ಎರಡನೇ ಬೆಂಚಿನ ಹುಡುಗಿ. ಅವಳಪ್ಪ ತಿಪ್ಪೇಶಪ್ಪನವರಿಗೆ ಊರಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿ ನಿಲ್ಲಿಸಿದ ಮೇಲೆ ಅವರ ಮೊಬೈಲು ಮಗಳ ಕೈಗೆ ಬರುತ್ತಿತ್ತು. ಅವಳು ಸುಮ್ಮನೆ ನೋಡಿ ಬಿಡುವವಳಲ್ಲ. ಹೃದಯ ಬಡಿದುಕೊಳ್ಳುವ ಒಂದು ವಿಡಿಯೊ ಕಳಿಸಿದ್ದಾಗ ಮರುದಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಮಿಸ್, ಅದು ನಿಜವಾದ್ದಾ, ಬರೆದಿದ್ದಾ?" ಎಂದು ಕೇಳಿದಳು. ಬರೆದದ್ದು ಎಂದೆ. "ಹಂಗಾರೆ ಬರ್ದೋರು ನಿಜವಾದ್ದನ್ನ ನೋಡಿದ್ರಾ?" ಎಂದಳು. ನನಗೆ ಖುಷಿಯಾಯಿತು. ಹೀಗೇ ಕೇಳ್ತಾ ಇರು, ಕೇಳಿದ್ದನ್ನ ಮಾಡಿ ನೋಡು ಎಂದು ಬೆನ್ನು ತಟ್ಟಿದೆ.

ಆಮೇಲೆ ತರೀಕೆರೆಯಲ್ಲಿ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ನಾನು ಆರಿಸಿಟ್ಟದ್ದನ್ನೆಲ್ಲ ಅಲ್ಲಿ ತೋರಿಸಿದೆ. ಎಲ್ಲರೂ ಮೆಚ್ಚಿದರು. "ನಮಗೂ ಕಳಿಸಿ ಮೇಡಂ, ದಿನಾ ಒಂದೊಂದು ಕಳಿಸಿ" ಎಂದರು. ಅಲ್ಲಿಂದ ನನಗೆ ಅದೊಂದು ಹುಚ್ಚಾಯಿತು. ದಿನಕ್ಕೊಂದು ಹೋಗಲೇಬೇಕು, ಯಾರಾದರೂ 'ಸೂಪರ್ ಮೇಡಂ' ಎನ್ನಲೇಬೇಕು. ಎರಡು ಸಲ ನೋಡುತ್ತಿದ್ದವಳು ಒಂದು ಸಲ ನೋಡತೊಡಗಿದೆ. ಆಮೇಲೆ ಅರ್ಧ. ಆಮೇಲೆ ಶೀರ್ಷಿಕೆ ಓದಿ, ಮೊದಲಿನ ತುಣುಕು ನೋಡಿ —

ಆ ಸಂಜೆ ರೈಲಿನಲ್ಲಿ ಮನೆಗೆ ಮರಳುತ್ತಿದ್ದೆ. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಬಿಸಿ ಹುಟ್ಟುತ್ತದೆ ಎಂಬ ಪಾಠ ನಡೆಯುತ್ತಿತ್ತು. ಅದಕ್ಕೇ ಹೊಂದುವ ಒಂದು ವಿಡಿಯೊ ಸಿಕ್ಕಿತು. ಹಿಂದಿಯದು. ನಗುಮುಖದ ಹುಡುಗನೊಬ್ಬ ಬಾಟಲಿಯಲ್ಲಿ ಸುಣ್ಣ ಕೊತಕೊತ ಕುದಿಯುವುದನ್ನು ಬಹಳ ಚೆನ್ನಾಗಿ ತೋರಿಸುತ್ತಿದ್ದ. ನಡುವೆ ಸಿಗ್ನಲ್ ಹೋಯಿತು. ಚಿತ್ರ ನಿಂತಲ್ಲೇ ನಿಂತು, ಚಕ್ರ ತಿರುಗುತ್ತಲೇ ಇತ್ತು. ಬೀರೂರು ಬಂದು ಸಿಗ್ನಲ್ ಸಿಕ್ಕಿದಾಗ ಮುಂದಿನದನ್ನು ನೋಡಬಹುದಿತ್ತು. ನೋಡಲಿಲ್ಲ. ಕಳಿಸಿದೆ. ಲಿಂಕಿನ ಕೆಳಗೆ 'ಮನೆಯಲ್ಲೇ ಮಾಡಿ ನೋಡಿ' ಎಂಬ ಆ ಸಾಲು ಬರೆದೆ. ಮೊಬೈಲನ್ನು ಚೀಲಕ್ಕೆ ಹಾಕಿ ಕಿಟಕಿಗೆ ತಲೆಯಾನಿಸಿದೆ.

ಮರುದಿನ ಶಾಲೆಗೆ ಬಂದಾಗ ಮಕ್ಕಳು ಗುಂಪುಗುಂಪಾಗಿ ನಿಂತಿದ್ದರು. ಸಿಂಚನಾಳ ಗೆಳತಿಯೊಬ್ಬಳು ಓಡಿ ಬಂದಳು. "ಮಿಸ್, ಸಿಂಚನಾ ಕಣ್ಣಿಗೆ ಸುಣ್ಣ ಬಿದ್ಬಿಟ್ಟೈತೆ. ಶಿವಮೊಗ್ಗಕ್ಕೆ ಕರ್ಕಂಡು ಹೋಗವ್ರೆ."

ಗೋಡೆಗೆ ಬಳಿಯಲು ತಂದಿಟ್ಟಿದ್ದ ಸುಣ್ಣದ ಕಲ್ಲು ಮನೆಯಲ್ಲೇ ಇತ್ತು. ಅವಳು ವಿಡಿಯೊದಲ್ಲಿದ್ದಂತೆಯೇ ಮಾಡಿದ್ದಳು. ಜೊತೆಗೆ ಬಾಟಲಿಗೆ ಮುಚ್ಚಳವನ್ನೂ ಹಾಕಿದ್ದಳು. ಬಿಸಿ ಒಳಗೇ ಉಳಿಯುತ್ತದೆಯೇ ನೋಡೋಣವೆಂದು. ಅದು ಅವಳದೇ ಪ್ರಶ್ನೆ — ನಾನು ಬೆನ್ನು ತಟ್ಟಿ ಬೆಳೆಸಿದ ಪ್ರಶ್ನೆ. ಬಾಟಲಿ ಅವಳ ಮುಖದ ಮುಂದೆಯೇ ಒಡೆಯಿತು.

ನಾನು ಮೊದಲು ಮಾಡಿದ್ದೇನು ಗೊತ್ತೇ? ಆಸ್ಪತ್ರೆಗೆ ಹೊರಡಲಿಲ್ಲ. ಅವಳಪ್ಪನಿಗೆ ಫೋನ್ ಮಾಡಲಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ಹಿಂದಕ್ಕೆ ಹೋಗಿ, ಗ್ರೂಪ್ ತೆರೆದು, ಆ ಸಂದೇಶವನ್ನು ಯಾರ ಮೊಬೈಲಿನಲ್ಲೂ ಉಳಿಯದಂತೆ ಅಳಿಸಿದೆ. ಅಳಿಸಿದ ಮೇಲೆ ವಿಡಿಯೊವನ್ನು ಮತ್ತೆ ಹುಡುಕಿ ಪೂರ್ತಿ ನೋಡಿದೆ. ಕೊನೆಯಲ್ಲಿ ಆ ಹುಡುಗ ನಗು ನಿಲ್ಲಿಸಿ, ಕೈ ಅಡ್ಡ ಹಿಡಿದು ಹೇಳುತ್ತಿದ್ದ — ಮುಚ್ಚಳ ಹಾಕಬೇಡಿ, ಹತ್ತಿರ ಬಗ್ಗಬೇಡಿ, ಮಕ್ಕಳು ಒಬ್ಬೊಬ್ಬರೇ ಮಾಡಲೇಬೇಡಿ. ಹಿಂದಿಯಲ್ಲಿ. ನಾನು ನೋಡಿದ್ದರೆ ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ನೋಡಿದ್ದರೆ —

ಹೆಡ್‌ಮಾಸ್ಟರು ಕರೆದರು. "ನೀವೇನಾದ್ರೂ ಕಳ್ಸಿದ್ರಾ ಮೇಡಂ?" ಎಂದು ಕೇಳಿದರು. ಸಂಶಯದಿಂದಲ್ಲ, ಕೇಳಬೇಕಾದ ಮಾತೆಂದು.

"ಇಲ್ಲ ಸರ್. ನಾನು ಪಾಠದ್ದು ಮಾತ್ರ ಕಳ್ಸೋದು."

ಅವರು ಸಮಾಧಾನದಿಂದ ತಲೆಯಾಡಿಸಿದರು. ತರಗತಿಯಲ್ಲಿ ಆ ವಿಡಿಯೊ ನೋಡಿದ್ದ ಮಕ್ಕಳು ಇನ್ನೂ ಕೆಲವರು ಇದ್ದಿರಲೇಬೇಕು. ಅವರು ನನ್ನ ಮುಖ ನೋಡಿದರು. ನಾನು ಕಪ್ಪುಹಲಗೆಯ ಕಡೆ ತಿರುಗಿದೆ. ಅವರಲ್ಲಿ ಯಾರೂ ಹೆಡ್‌ಮಾಸ್ಟರಿಗಾಗಲಿ ಮನೆಯಲ್ಲಾಗಲಿ ಹೇಳಿದಂತೆ ಕಾಣಲಿಲ್ಲ.

ಸಿಂಚನಾ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಹಣ್ಣು ತೆಗೆದುಕೊಂಡು ಹೋದೆ — ಹಣ್ಣು. ಅವಳು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಎಡಗಣ್ಣಿಗೆ ಪಟ್ಟಿ. ಕೆನ್ನೆಯ ಮೇಲೆ ಸುಟ್ಟ ಕಲೆ. ತಿಪ್ಪೇಶಪ್ಪ ಕುರ್ಚಿ ತಂದಿಟ್ಟರು. ಅವರ ತೋಳಿನ ಕೂದಲಲ್ಲಿ ಹಿಟ್ಟು ಅಂಟಿಕೊಂಡಿತ್ತು.

"ನೀವೇ ಹೇಳಿ ಮೇಡಂ," ಎಂದರು. "ಇವ್ಳು ಮಿಸ್ ಕಳ್ಸಿದ್ದು, ಮಿಸ್ ಕಳ್ಸಿದ್ದು ಅಂತಾಳೆ. ಮೊಬೈಲೆಲ್ಲ ತಡಕಾಡ್ದೆ, ಏನೂ ಇಲ್ಲ. ನೀವು ಕಳ್ಸಿದ್ರಾ?"

ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅದರಲ್ಲಿ ಭಯವಿರಲಿಲ್ಲ. ಮಿಸ್ ಬಂದರು, ಇನ್ನು ಸರಿಹೋಯಿತು ಎಂಬಂತೆ ನೋಡುತ್ತಿದ್ದಳು.

"ಇಲ್ಲಪ್ಪ. ನಾನ್ಯಾಕೆ ಅಂಥದ್ದು ಕಳ್ಸಲಿ," ಎಂದೆ.

ಸಿಂಚನಾ ತಲೆ ತಗ್ಗಿಸಿ, "ನಾನೇ ಹುಡ್ಕಿದ್ದು ಅಪ್ಪ. ಸುಳ್ಳು ಹೇಳ್ದೆ," ಎಂದಳು.

ಆ ಮಾತು ಕೇಳಿ ನನಗೆ ಹಗುರವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಿಜ ಅದೇ — ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಗಲಿಲ್ಲ, ಹಗುರವಾಯಿತು. ಅವಳ ತಾಯಿ ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಆ ಕಣ್ಣಿಗೆ ಬಿಳಿ ಪೊರೆ ಕಟ್ಟಿ, ನೋಟ ಬರಲೇ ಇಲ್ಲ. ಅವಳು ಮತ್ತೆ ಶಾಲೆಗೆ ಬಂದಳು. ಎಂದಿನಂತೆ ಎರಡನೇ ಬೆಂಚು. ಆದರೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ತರಗತಿಗೇ ಹೆಚ್ಚು ಅಂಕ ಅವಳದ್ದು. ತಿಪ್ಪೇಶಪ್ಪ ವಿಜ್ಞಾನಕ್ಕೆ ಸೇರಿಸಲಿಲ್ಲ. "ಆ ಸೈನ್ಸಿನ ಸವಾಸ ಸಾಕು ಮೇಡಂ," ಎಂದರು. ಅವರಿಗೆ ನಾನು ಬುದ್ಧಿ ಹೇಳಬಹುದಿತ್ತು. ಯಾವ ಬಾಯಿಂದ ಹೇಳಲಿ? ಅವಳು ಕಾಮರ್ಸಿಗೆ ಸೇರಿದಳು.

ನಾನು ತರೀಕೆರೆಗೆ ತರಬೇತಿಗೆ ಹೋಗುವುದನ್ನು ನಿಲ್ಲಿಸಿದೆ, ಆರೋಗ್ಯದ ನೆಪ ಹೇಳಿ. ವಿಡಿಯೊ ಕಳಿಸುವುದನ್ನೂ ನಿಲ್ಲಿಸಿದೆ. ಅದರಿಂದ ಮಕ್ಕಳಿಗೇ ನಷ್ಟವಾಯಿತು. ಬೀರುವಿನ ಬಾಗಿಲು ತೆಗೆಯದ, ಮೊಬೈಲನ್ನೂ ಮುಟ್ಟದ ಶಿಕ್ಷಕಿಯಾದೆ. ನನ್ನ ತಪ್ಪಿಗೆ ಅವರಿಗೆ ಶಿಕ್ಷೆ.

ಕಳೆದ ವರ್ಷ ಬೀರೂರು ಪ್ಲಾಟ್‌ಫಾರಂನಲ್ಲಿ ಅವಳು ಸಿಕ್ಕಳು. ಕಡೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಎಡಗಡೆಯಿಂದ ನಾನು ಬರುವುದು ಅವಳಿಗೆ ಕಾಣಲಿಲ್ಲ. ಹೆಸರು ಕರೆದಾಗ ಕತ್ತನ್ನು ಪೂರ್ತಿ ಹೊರಳಿಸಿ ನೋಡಿದಳು. "ನಮಸ್ತೆ ಮಿಸ್. ಚೆನ್ನಾಗಿದೀರಾ?" ಎಂದಳು. ಮೊದಲಿನದೇ ಗೌರವ. ಅವಳ ರೈಲು ಬಂತು, ಹತ್ತಿ ಹೋದಳು. ಆ ಕತ್ತು ಹೊರಳಿದ ಬಗೆ ಮಾತ್ರ ನನ್ನನ್ನು ಬಿಡಲಿಲ್ಲ.

ಅವಳಪ್ಪನಿಗೆ ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ. ಮಗಳು ಸುಳ್ಳಿಯಲ್ಲ ಎಂದು ಅವರಿಗೆ ತಿಳಿಯಲಿ ಅಂದುಕೊಂಡೆ. ಅವಳಿಗೇ ಮೊದಲು ಹೇಳಬೇಕಿತ್ತು, ಅವಳನ್ನೇ ಕೇಳಬೇಕಿತ್ತು. ಧೈರ್ಯವಿರಲಿಲ್ಲ.

ಒಂದು ಭಾನುವಾರ ಗಿರಣಿಗೆ ಹೋದೆ. ರಾಗಿ ಬೀಸುತ್ತಿದ್ದರು. ಆ ಸದ್ದಿನಲ್ಲಿ ನಾನು ಹೇಳಿದ್ದು ಕೇಳಿಸಲಿಲ್ಲ. ಮಿಷನ್ ನಿಲ್ಲಿಸಿ, "ಏನಂದ್ರಿ ಮೇಡಂ?" ಎಂದರು. ಹೇಳಲಾರದ್ದನ್ನು ಒಮ್ಮೆ ಹೇಳುವುದೇ ಕಷ್ಟ. ನಾನು ಎರಡು ಸಲ ಹೇಳಬೇಕಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ —

ರಾಗಿ ಮೂಟೆಯ ಮೇಲೆ ಕೂತರು. "ನೀವು ಅವತ್ತು ಬಂದು ಹೋದ್ಮೇಲೆ ನಾನು ಅವ್ಳಿಗೆ ಹೊಡ್ದೆ ಮೇಡಂ," ಎಂದರು. "ಕಣ್ಣಿಗೆ ಪಟ್ಟಿ ಕಟ್ಕಂಡಿರೋ ಮಗೀಗೆ ಹೊಡ್ದೆ. ಮಿಸ್ ಮೇಲೆ ಸುಳ್ಳು ಹೇಳ್ತೀಯೇನೇ ಅಂತ."

ನಾನು ಕೈ ಮುಗಿದು ನಿಂತೆ. ಅವರು ನೋಡಲಿಲ್ಲ.

"ಈಗ ಹೇಳ್ತಿದೀರಲ್ಲ. ಈಗ ನಾನೇನ್ ಮಾಡ್ಲಿ ಇದನ್ನ ಇಟ್ಕಂಡು?"

ಮುಗಿದ ಕೈ ಬಿಡದೆ ಹಿಂದಕ್ಕೆ ಸರಿದು ಗಿರಣಿಯಿಂದ ಹೊರಗೆ ಬಂದೆ.

ಎರಡು ದಿನ ಬಿಟ್ಟು ಸಿಂಚನಾ ಫೋನ್ ಮಾಡಿದಳು. ಬಂದ ಸಿಟ್ಟನ್ನು ತಡೆಹಿಡಿದ ದನಿ.

"ಅಪ್ಪಂಗೆ ಯಾಕೆ ಹೇಳಿದ್ರಿ ಮಿಸ್? ಮಿಲ್ ತೆಗ್ದಿಲ್ಲ. ಊಟಕ್ಕೆ ನನ್ನೆದ್ರಿಗೆ ಕೂರಲ್ಲ. ನಾನು ಮರ್ತಿದ್ದೆ."

"ಮರೆಯೋಕಾಗುತ್ತೇನಮ್ಮ..."

"ಆಗುತ್ತೆ ಮಿಸ್. ಅಪ್ಪ ಮರೀಲಿ ಅಂತ ನಾನು ಮರ್ತಿದ್ದೆ."

ಇಷ್ಟು ವರ್ಷ ನನ್ನೊಳಗಿದ್ದದ್ದನ್ನು ಕೇಳಿದೆ. "ಅವತ್ತು ನೀನ್ಯಾಕೆ ಒಪ್ಕೊಂಡೆ?"

"ನಿಮ್ಮನ್ನ ಸಸ್ಪೆಂಡ್ ಮಾಡಿದ್ರೆ ನಮ್ಗೆ ಸೈನ್ಸ್ ಯಾರ್ ಹೇಳ್ಕೊಡೋರು ಅಂತ," ಎಂದಳು. "ಆ ವರ್ಷ ಟೆಂತ್ ಎಕ್ಸಾಮ್ ಇತ್ತಲ್ಲ. ನೀವು ಬರೋಕ್ ಮುಂಚೆ ಯಾರೂ ಇರ್ಲಿಲ್ಲ."

ಆ ಹುಡುಗಿ ತನ್ನ ಕಣ್ಣಿನ ಬಗ್ಗೆ ಯೋಚಿಸಬೇಕಾದ ಹೊತ್ತಿನಲ್ಲಿ ತರಗತಿಯ ಬಗ್ಗೆ ಯೋಚಿಸಿದ್ದಳು. ತರಗತಿಯ ಬಗ್ಗೆ ಯೋಚಿಸಬೇಕಾಗಿದ್ದ ನಾನು ನನ್ನ ಬಗ್ಗೆ.

"ನಾನು ಬಂದು ಅಪ್ಪನ ಹತ್ರ ಇನ್ನೊಂದ್ಸಲ ಮಾತಾಡ್ಲಾ?" ಎಂದೆ.

"ಬರ್ಬೇಡಿ ಮಿಸ್," ಎಂದಳು. "ಇಡ್ತೀನಿ," ಎಂದು ಇಟ್ಟಳು.

ಈಗಿನ ಹೆಡ್‌ಮಾಸ್ಟರಿಗೂ ಎಲ್ಲ ಹೇಳಿದೆ. "ಹಳೇದಾಯ್ತು ಬಿಡಿ ಮೇಡಂ, ಈಗ ಕೆದಕಿದ್ರೆ ಶಾಲೆಗೇ ಕೆಟ್ಟ ಹೆಸ್ರು," ಎಂದರು. ಬರೆದು ಕೊಡುತ್ತೇನೆ ಎಂದೆ. ಬೇಡವೆಂದರು. ನನ್ನನ್ನು ಶಿಕ್ಷಿಸಲು ಯಾರೂ ಮುಂದೆ ಬರುತ್ತಿಲ್ಲ. ಶಿಕ್ಷೆಯೆಲ್ಲ ಆಗಲೇ ಬೇರೆಯವರಿಗೆ ಹಂಚಿಹೋಗಿದೆ.

ಮತ್ತೆ ವಿಡಿಯೊ ಹುಡುಕಲು ಶುರುಮಾಡಿದ್ದೇನೆ. ಮಕ್ಕಳಿಗೆ ಅದು ಬೇಕು. ಕೊನೆಯ ಕ್ಷಣದವರೆಗೆ ನೋಡುತ್ತೇನೆ, ತರಗತಿಯಲ್ಲೇ ನನ್ನ ಕಣ್ಣೆದುರಿಗೇ ತೋರಿಸುತ್ತೇನೆ. ಇದರಿಂದ ಸಿಂಚನಾಳಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು.

ಆಟೊ ಇಳಿದು ಶಾಲೆಗೆ ಹೋಗಲು ಊರಲ್ಲಿ ಎರಡು ದಾರಿ. ಕೆರೆ ಏರಿಯ ಮೇಲಿನದು ಸುತ್ತು, ಇನ್ನೊಂದು ಗಿರಣಿಯ ಮುಂದೆ. ಇಷ್ಟು ವರ್ಷ ಏರಿಯ ಮೇಲೆ ಹೋಗುತ್ತಿದ್ದೆ. ಈಗ ಗಿರಣಿಯ ಮುಂದೆ ಹೋಗುತ್ತೇನೆ. ಗಿರಣಿ ಮತ್ತೆ ಓಡುತ್ತಿದೆ. ತಿಪ್ಪೇಶಪ್ಪ ತಲೆ ಎತ್ತುವುದಿಲ್ಲ. ನಾನು ಒಂದು ಗಳಿಗೆ ನಿಂತು ಕೈ ಮುಗಿಯುತ್ತೇನೆ. ಅವರು ನೋಡಲೆಂದಲ್ಲ. ನೋಡಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆಮೇಲೆ ಗಂಟೆ ಹೊಡೆಯುತ್ತದೆ, ಹೋಗುತ್ತೇನೆ.