ಮೈಲುತುತ್ತದಲ್ಲಿ ಅದ್ದಿದ ಕೈ

ಪಕ್ಕದ ತೋಟದಲ್ಲಿ ಇವತ್ತು ಬಳ್ಳಿಗೆ ಹೊಡೆಯಲು ನೀಲಿ ಮೈಲುತುತ್ತ ಕಲಸುತ್ತಿದ್ದಾರೆ. ಸುಣ್ಣದ ಜೊತೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಧೋತರದ ಮರೆಗೆ ಹೋಯಿತು. ನಗಬೇಡಿ, ಕಾರಣ ಹೇಳುತ್ತೇನೆ.

ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ನಮಗೆಲ್ಲ ಒಂದು ಚಟವಿದೆ. ಎಲೆಯ ಮೇಲೆ ಚುಕ್ಕೆ ಕಂಡರೆ ಔಷಧಿ ಹೊಡೆಯುತ್ತೇವೆ. ಕಾಣದಿದ್ದರೆ, ಇರಲಿ ಎಂದು ಹೊಡೆಯುತ್ತೇವೆ. ಈ ಬುದ್ಧಿ ಗಿಡದ ಮಟ್ಟಿಗೆ ಸರಿ.

ಕೆಲವು ವರ್ಷಗಳ ಹಿಂದೆ ಚಾಟ್ನಿ ನಡೆದಿತ್ತು, ಅಂದರೆ ಹೊಸ ಚಿಗುರು ಬರಲೆಂದು ಬಳ್ಳಿಯ ಕಡ್ಡಿ ಕತ್ತರಿಸುವ ಹಂಗಾಮು. ನಾನೂ ಹುರುಪಿನಿಂದ ಕತ್ತರಿ ಹಿಡಿದು ಬಳ್ಳಿಗಿಂತ ಮೊದಲು ನನ್ನ ಬೆರಳನ್ನೇ ಕೊಯ್ದುಕೊಂಡಿದ್ದೆ. ರಕ್ತ ಒರೆಸಿಕೊಳ್ಳುತ್ತಿದ್ದಾಗಲೇ ಮುಂದಿನ ಸಾಲಿನಲ್ಲಿ ಸಿದ್ರಾಮ ಚೀರಿದ. ಇಟ್ಟಂಗಿಹಾಳದಿಂದ ಆಳುಗಳನ್ನು ಕಟ್ಟಿಕೊಂಡು ಬರುವ ಮೇಸ್ತ್ರಿ ಅವನು. ಕತ್ತರಿ ಅವನ ಅಂಗೈ ಸೀಳಿತ್ತು. ಓಡಿಹೋಗಿ ನನ್ನ ಬರಿಗೈಯನ್ನೇ ಅದರ ಮೇಲೆ ಒತ್ತಿದೆ. ತಿಕೋಟಾದ ದವಾಖಾನೆ ಮುಟ್ಟುವ ತನಕ ಬಿಡಲಿಲ್ಲ. ಹೊಲಿಗೆ ಹಾಕಿಸಿ ಮರಳುವಾಗ ಮಹಾ ಪರಾಕ್ರಮ ಮಾಡಿದವನಂತೆ ಬೀಗುತ್ತಿದ್ದೆ.

ಬೀಗಿದ್ದು ತೋಟದ ನಳದ ತನಕ. ಕೈ ತೊಳೆಯುವಾಗ ಬೆರಳು ಚುರುಗುಟ್ಟಿತು. ಅವನ ರಕ್ತ, ನನ್ನ ಗಾಯ! ಎಚ್‌ಐವಿ ಎಂಬ ಹೆಸರು ತಲೆಯೊಳಗೆ ಹೊಕ್ಕು ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿತು. ಸಿದ್ರಾಮ ಚಾಟ್ನಿಗೆಂದು ಸಾಂಗ್ಲಿಯ ಕಡೆಗೆಲ್ಲ ತಿರುಗುವವನು. ನನ್ನ ಕೊಳಕು ಮನಸ್ಸು ಅವನಿಗಿಂತ ಹೆಚ್ಚು ಊರು ತಿರುಗಿತು. ಎದುರಿಗೆ ಮೈಲುತುತ್ತದ ಡ್ರಮ್ಮು ತುಂಬಿತ್ತು. ಬಳ್ಳಿಯ ರೋಗ ಕೊಲ್ಲುವುದು ಇದನ್ನೇಕೆ ಬಿಟ್ಟೀತು? ಮೊಳಕೈ ತನಕ ಅದ್ದಿದೆ. ಉರಿಗೆ ಕಣ್ಣಲ್ಲಿ ನೀರು ಬಂತು. ಉರಿದಷ್ಟೂ ಕ್ರಿಮಿ ಸಾಯುತ್ತಿವೆ ಎಂದು ಸಂತೋಷಪಟ್ಟೆ.

ಮನೆಗೆ ಬಂದವನು ಬಾಯಿ ಬಿಡದೆ ನನ್ನ ತಾಟು, ಟಾವೆಲ್ಲು ಬೇರೆ ಇಟ್ಟುಕೊಂಡೆ. ಮೊಮ್ಮಗಳು ತೊಡೆ ಏರಲು ಬಂದರೆ ಹಿಂದೆ ಸರಿದೆ. ಹೆಂಡತಿ ಬಂದು ಅಡ್ಡ ನಿಂತಳು.

“ಏನ್ರಿ, ಯಾರ ಮ್ಯಾಲಿನ ಸಿಟ್ಟಿದು? ತಾಟು ಬ್ಯಾರೆ, ಟಾವೆಲ್ ಬ್ಯಾರೆ, ಕೈ ನೋಡಿದ್ರ ನೀಲಿ.”

ಎಲ್ಲ ಹೇಳಿಕೊಂಡೆ. ಅವಳು ಗಾಬರಿಯಾಗಲಿಲ್ಲ, ಮರುದಿನ ಬೆಳಿಗ್ಗೆ ಸಿದ್ರಾಮನನ್ನು ಕರೆಸಿ ನನ್ನೆದುರು ಕೂರಿಸಿದಳು. ಇಬ್ಬರೂ ವಿಜಯಪುರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣವೇ ಎಂದು ತೊದಲಿದೆ. ಅವನಿಗೆ ಅವಮಾನವಾಗುತ್ತದೆಂದು ನೆಲ ನೋಡುತ್ತಿದ್ದೆ.

“ನಡೀರಿ ಕಾಕಾ,” ಎಂದ. “ನನಗೂ ನಿದ್ದಿ ಹತ್ತಿಲ್ಲ. ನಿಮ್ಮ ರಕ್ತನೂ ನನಗ ಹತ್ತೇತಲ್ರಿ.”

ಅಬ್ಬಾ! ನನ್ನ ರಕ್ತವನ್ನೂ ಯಾರಾದರೂ ಸಂಶಯಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೊದಲು ನೋಡಿದ್ದು ನನ್ನ ಕೈಯನ್ನು. “ಇದೇನ್ ದ್ರಾಕ್ಷಿ ಗಿಡ ಅಂದ್ಕೊಂಡೀರೇನ್ರಿ ಯಜಮಾನ್ರ?” ಆಮೇಲೆ ಸಮಾಧಾನದಿಂದ ತಿಳಿಸಿದರು. ಚರ್ಮ ನೆಟ್ಟಗಿದ್ದರೆ ಹೆದರುವ ಮಾತೇ ಇಲ್ಲ. ಗಾಯಕ್ಕೆ ರಕ್ತ ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಬರಬೇಕು. ಸೋಂಕು ತಡೆಯುವ ಮಾತ್ರೆ ಬೇಕಾದರೆ ಮೂರು ದಿನದೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ತಾಟು, ಟಾವೆಲ್ಲಿನಿಂದ ಇದು ಹರಡುವುದಿಲ್ಲ.

ರಕ್ತ ಕೊಟ್ಟು, ಬಾಕಿನ ಮೇಲೆ ಫಲಿತಾಂಶ ಕಾಯುವ ಸಾಲಿ ಹುಡುಗರಂತೆ ಕುಳಿತೆವು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ನನಗೆ ಏನೂ ಇಲ್ಲ! ಅವನಿಗೂ ಏನೂ ಇಲ್ಲವೆಂದು ಹೊರಗೆ ಬಂದ ಸಿದ್ರಾಮನ ಮುಖ ಕೇಳುವ ಮೊದಲೇ ಹೇಳಿತು. ಮಾತ್ರೆ ಬೇಕಾಗಲಿಲ್ಲ. ಖಾತ್ರಿಗೆಂದು ಮತ್ತೊಮ್ಮೆ ಬರಹೇಳಿದ್ದರು. ಆಗಲೂ ಏನೂ ಇರಲಿಲ್ಲ. ಆ ದಿನ ತಿಂದ ಮಿರ್ಚಿ ಭಜಿ, ಗಿರ್ಮಿಟ್ಟಿನ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಈಗ ತೋಟದ ನಳಕ್ಕೆ ಸಾಬೂನು ಕಟ್ಟಿದ್ದೇನೆ, ಪಕ್ಕದಲ್ಲಿ ಕೈಗವಸು. ನಾನು ಬೇರೆ ಇಟ್ಟಿದ್ದ ತಾಟೂ ತೋಟಕ್ಕೆ ಬಂದಿದೆ. ಇದನ್ನು ಹೇಳುತ್ತಿರುವಾಗಲೇ ಸಿದ್ರಾಮ ಅದರಲ್ಲಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಹಾಕಿಕೊಂಡು ಬಂದು ಎದುರಿಗೆ ಕುಳಿತಿದ್ದಾನೆ.

“ಕೈ ಹೊರಗ ತಗೀರಿ ಕಾಕಾ,” ಎನ್ನುತ್ತಾನೆ, “ನೀಲಿ ಹೋಗೇತಿ.”

ಧೋತರದ ಮರೆಯಿಂದ ಕೈ ತೆಗೆದು, ಅವನ ತಾಟಿನೊಳಗಿನ ರೊಟ್ಟಿ ಮುರಿದೆ.